ಗೇಟ್ ಪಾಸ್ ಕಂಪನಿಯದು, ಕಸುಬು ನಮ್ಮದು

(ತೋರಣಗಲ್ಲಿನಲ್ಲಿ ಯುವಕ ಯುವತಿಯರು ಹಾಗೂ ಪಾಲಕರಿಗಾಗಿ ನಡೆದ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ಭಾನುವಾರ. ಆದರೆ ತೋರಣಗಲ್ಲಿಗೆ ಭಾನುವಾರ ಅಂತ ಬೇರೆ ಏನೂ ಇಲ್ಲ. ಮಧ್ಯಾಹ್ನದ ಶಿಫ್ಟಿಗೆ ಹೋಗುವವರು ಬೇಗ ಊಟ ಮಾಡಿ ಹೊರಡಬೇಕು. ನೈಟ್ ಶಿಫ್ಟ್ ಮುಗಿಸಿ ಬಂದವರಿಗೆ ಕುಳಿತಲ್ಲೇ ಕಣ್ಣು ಎಳೀತಾ ಇದೆ. ಆದ್ದರಿಂದ ಸ್ವಾಗತ, ವಂದನಾರ್ಪಣೆ ಎಲ್ಲಾ ಬಿಟ್ಟು ನೇರವಾಗಿ ವಿಷಯಕ್ಕೆ ಬರೋಣ. ನಾವು ಮಾಡುವ ಉದ್ಯೋಗ ಯಾವುದು, ಐದು ವರ್ಷದ ನಂತರ ಎಲ್ಲಿರಬೇಕು ಅಂತ ತೀರ್ಮಾನ ಮಾಡುವವರು ಯಾರು? ಕಾಂಟ್ರಾಕ್ಟರೋ, ಏಜೆಂಟೋ, ಸರ್ಕಾರವೋ, ಇಲ್ಲಾ ನಾವೋ?

ನಮ್ಮ ಕಾರ್ಯಕರ್ತರು ಮನೆ ಭೇಟಿಗೆ ಹೋದಾಗ ಹುಡುಗರನ್ನು "ಏನು ಕೆಲಸ ಮಾಡ್ತೀಯಪ್ಪಾ?" ಎಂದು ಕೇಳುವುದು ರೂಢಿ. "ಪ್ಲಾಂಟ್‌ನಾಗ ಅದೀನ್ರಿ" ಅಂತಾರೆ. "ಅದು ಸರಿ ತಮ್ಮಾ, ಅಲ್ಲಿ ಏನು ಮಾಡ್ತೀ?" ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ರೀ, ಕಾಂಟ್ರಾಕ್ಟ್‌ನಾಗ, ಏನು ಹೇಳ್ತಾರೋ ಅದು" ಅನ್ನುತ್ತಾರೆ. ಒಬ್ಬಿಬ್ಬರಲ್ಲ, ಬಹಳ ಮಂದಿ ಹೀಗೇ ಹೇಳುತ್ತಾರೆ. ಅವರು ಹೇಳಿದ್ದು ಜಾಗದ ಹೆಸರು. ಕಸುಬಿನ ಹೆಸರು ಬಾಯಿಗೆ ಬರಲಿಲ್ಲ. ಬಡಗಿಯನ್ನು ಕೇಳಿ, ದರ್ಜಿಯನ್ನು ಕೇಳಿ, ಕಂಪ್ಲಿ ಕಡೆ ಭತ್ತದ ನಾಟಿ ಹಚ್ಚುವ ಅವ್ವನನ್ನು ಕೇಳಿ, ತನಗೆ ಏನು ಬರುತ್ತದೆ ಅಂತ ತಟ್ಟನೆ ಹೇಳುತ್ತಾರೆ. ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದರ ಒಳಗೆ ದಿನಾ ಬೆವರು ಸುರಿಸುವ ನಮ್ಮ ಹುಡುಗ ಹೇಳಲಾರ. ಇದು ನಮಗೆ ಚಿಂತೆಯ ವಿಷಯ.

ಯಾಕೆ ಚಿಂತೆ ಅಂದರೆ, ಈ ಊರಿನ ಕಥೆಯನ್ನೇ ಸ್ವಲ್ಪ ನೋಡ್ರಿ. 1971ರಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಇಲ್ಲಿರುವ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. "ಇನ್ನೇನು, ಮನೆಗೊಂದು ನೌಕರಿ" ಅಂತ ಊರೂರೇ ಕಾಯ್ತು. ಆ ಸರ್ಕಾರಿ ಕಾರ್ಖಾನೆ ಬರಲೇ ಇಲ್ಲ. ಕೊನೆಗೆ ಜಿಂದಾಲ್ ವಿಜಯನಗರ ಸ್ಟೀಲ್ ಎಂಬ ಖಾಸಗಿ ಕಂಪನಿ ಹುಟ್ಟಿದ್ದು 1994ರಲ್ಲಿ. ಅದೇ 2005ರಲ್ಲಿ ಜೆಎಸ್‌ಡಬ್ಲ್ಯೂ ಸ್ಟೀಲ್‌ನಲ್ಲಿ ಸೇರಿತು. ಅಡಿಗಲ್ಲು ಹಾಕಿದ ದಿನ ಹದಿನೆಂಟು ವರ್ಷದವನಾಗಿದ್ದವನಿಗೆ 1994ರಲ್ಲಿ ನಲವತ್ತೊಂದು. ಅವನ ದುಡಿಯುವ ವಯಸ್ಸಿನ ಅರ್ಧ, ಕಲ್ಲು ನೋಡುವುದರಲ್ಲೇ ಮುಗಿದಿತ್ತು.

ಮುಂದೆ ಗಣಿ ಕಾಲ ಬಂತು. 2003-04ರಿಂದ ಚೀನಾಕ್ಕೆ ಅದಿರು ಹೋಗಲು ಶುರುವಾಗಿ ಬೆಲೆ ಮೇಲಕ್ಕೆ ಹಾರಿತು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಗಿಡದ ಎಲೆ, ಮನೆಯ ಗೋಡೆ, ಒಣಗಲು ಹಾಕಿದ ಬಟ್ಟೆ ಎಲ್ಲಾ ಕೆಂಪು. ಪಿಯುಸಿ ಓದುತ್ತಿದ್ದ ಹುಡುಗರು ಪುಸ್ತಕ ಇಟ್ಟು ಟಿಪ್ಪರ್ ಹತ್ತಿದರು. ದಿನಕ್ಕೆ ಕೈತುಂಬ ರೊಕ್ಕ ಬರುವಾಗ ಓದು ಯಾಕೆ ಬೇಕು ಅನ್ನಿಸಿದ್ದು ಸಹಜ. ಅವರನ್ನು ಬೈಯುವುದಕ್ಕೆ ನಾವು ಬಂದಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಲು ಆದೇಶ ಮಾಡಿತು. ಗುಡ್ಡ, ಕಾಡು, ನೀರು ಹಾಳಾಗಿದ್ದನ್ನು ಕಣ್ಣಾರೆ ಕಂಡ ನಾವು ಆ ಆದೇಶ ತಪ್ಪು ಅಂತ ಹೇಳಲಾರೆವು. ಆದರೆ ಅದರ ಮರುದಿನ ಮನೆಯಲ್ಲಿ ಕುಳಿತವರು ಗಣಿ ಧಣಿಗಳಲ್ಲ, ಕ್ಲೀನರ್, ಲೋಡರ್, ಡ್ರೈವರ್ ಕೆಲಸದವರು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ ತೀರ್ಪಿನಲ್ಲಿ ಹೆಚ್ಚು ಅಕ್ರಮ ನಡೆದ ಸಿ ವರ್ಗದ ಗುತ್ತಿಗೆ ರದ್ದು ಮಾಡಿ, ವರ್ಷಕ್ಕೆ ಇಷ್ಟೇ ಟನ್ ಎಂಬ ಮಿತಿಯೊಳಗೆ ಉಳಿದವು ನಡೆಯುತ್ತಾ ಬಂದವು. ಹಳೆಯ ಕಾಲ ಮತ್ತೆ ಬರಲಿಲ್ಲ.

ಆಗ ಯಾರು ಉಳಿದುಕೊಂಡರು? ಇದನ್ನು ಗಮನವಿಟ್ಟು ನೋಡಬೇಕು. ಹೆವಿ ಲೈಸೆನ್ಸ್ ತನ್ನ ಹೆಸರಲ್ಲಿ ಇದ್ದವನು ಬೇರೆ ಊರಿಗೆ ಹೋಗಿ ಸ್ಟೇರಿಂಗ್ ಹಿಡಿದ. ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಲು ಬರುತ್ತಿದ್ದ ಮೆಕ್ಯಾನಿಕ್ ಟ್ರ್ಯಾಕ್ಟರ್ ರಿಪೇರಿಗೆ ಕುಳಿತ. ಲೈಸೆನ್ಸ್ ಇಲ್ಲದೆ ಸುಮ್ಮನೆ ಓಡಿಸುತ್ತಿದ್ದವನು, ವರ್ಷಾನುಗಟ್ಟಲೆ ಕ್ಲೀನರ್ ಆಗಿಯೇ ಉಳಿದವನು ಎಲ್ಲಿಗೂ ಹೋಗಲಾಗಲಿಲ್ಲ. ಸಾಲ ಮಾಡಿ ಲಾರಿ ಕೊಂಡವರ ಲಾರಿ ಫೈನಾನ್ಸಿನವರ ಪಾಲಾಯಿತು. ಇವರೆಲ್ಲಾ ಅದೇ ಗಣಿ, ಅದೇ ಬಿಸಿಲು, ಅದೇ ಕೆಂಪು ಧೂಳು ಕಂಡವರೇ. ವ್ಯತ್ಯಾಸ ಆಗಿದ್ದು ಗಣಿಯ ಬಾಗಿಲು ಮುಚ್ಚಿದಾಗ ಕೈಯಲ್ಲಿ ಏನು ಉಳಿಯಿತು ಎಂಬುದರಲ್ಲಿ.

ಇನ್ನೊಂದು, ಇಲ್ಲೇ ಪಕ್ಕದ ಕುಡುತಿನಿಯದು. 2010ರಲ್ಲಿ ದೊಡ್ಡ ದೊಡ್ಡ ಉಕ್ಕಿನ ಕಾರ್ಖಾನೆ ಬರುತ್ತವೆ ಅಂತ ಕುಡುತಿನಿ ಸುತ್ತಿನ ರೈತರ ಸಾವಿರಾರು ಎಕರೆ ಭೂಮಿ ಹೋಯಿತು. ಹೇಳಿದ ಕಾರ್ಖಾನೆಗಳು ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಆ ರೈತರು ಧರಣಿ ಕುಳಿತರು. ನ್ಯಾಯವಾದ ಪರಿಹಾರ ಕೊಡಿ, ಇಲ್ಲವೇ ಕೆಲಸ ಕೊಡಿ ಅಂತ ಕೇಳುವುದು ಅವರ ಹಕ್ಕು, ಅದನ್ನು ಕೇಳಲೇಬೇಕು. "ಸ್ಥಳೀಯರಿಗೆ ಕೆಲಸ" ಎಂಬ ಬೇಡಿಕೆಯೂ ನ್ಯಾಯವಾದದ್ದೇ. ಸರೋಜಿನಿ ಮಹಿಷಿ ವರದಿಯ ಕಾಲದಿಂದ ಕೇಳುತ್ತಾ ಬಂದಿದ್ದೇವೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿತು, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಹೋರಾಟ ಹೋರಾಟದ ಪಾಡಿಗೆ ನಡೀಲಿ. ಅದು ಮುಗಿಯುವ ತನಕ ಮಗನ ವಯಸ್ಸು ನಿಲ್ಲೋದಿಲ್ಲ ಅಲ್ವೇನ್ರಿ ಅವ್ವಾ?

ಕಸುಬಿಗೆ ಒಂದು ಹೆಸರು ಬೇಕು

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಹೆಲ್ಪರ್ ಆಗಿ ಒಳಗೆ ಹೋದವನು ಹೆಲ್ಪರ್ ಆಗಿಯೇ ಹೊರಗೆ ಬರಬಾರದು. ಹೆಲ್ಪರ್ ಕೆಲಸ ಕೀಳು ಅಂತ ನಾವು ಹೇಳುತ್ತಿಲ್ಲ. ಅದು ಮೊದಲ ಮೆಟ್ಟಿಲು. ಆರು ತಿಂಗಳಲ್ಲಿ ಸುತ್ತ ನೋಡಿ: ಇಲ್ಲಿ ಯಾರ ಕೆಲಸ ಕಲಿತರೆ ಹೊರಗಡೆಯೂ ಬೆಲೆ ಇದೆ? ವೆಲ್ಡರ್, ಫಿಟ್ಟರ್, ರಿಗ್ಗರ್, ಎಲೆಕ್ಟ್ರಿಷಿಯನ್, ಕ್ರೇನ್ ಆಪರೇಟರ್, ಇವೆಲ್ಲಾ ತೋರಣಗಲ್ಲಿನಲ್ಲೂ ನಡೆಯುತ್ತವೆ, ಮಂಗಳೂರಿನಲ್ಲೂ ನಡೆಯುತ್ತವೆ, ದುಬೈನಲ್ಲೂ ನಡೆಯುತ್ತವೆ. ಒಂದನ್ನು ಆರಿಸಿಕೊಳ್ಳಿ. ಆ ಕೆಲಸದ ಹಿರಿಯನ ಬೆನ್ನು ಹತ್ತಿ.

ವೆಲ್ಡಿಂಗ್ ಉದಾಹರಣೆ ತೆಗೆದುಕೊಳ್ಳೋಣ. ಕಿಟಕಿ ಗ್ರಿಲ್ ಬೆಸೆಯುವವನೂ ವೆಲ್ಡರೇ. ಆದರೆ ದೊಡ್ಡ ಕಂಪನಿಯಲ್ಲಿ ವೆಲ್ಡರನಿಗೆ ಟೆಸ್ಟ್ ಇರುತ್ತದೆ. ಪ್ಲೇಟನ್ನು ನಿಲ್ಲಿಸಿ ಕೆಳಗಿಂದ ಮೇಲಕ್ಕೆ ಬೆಸೆಯುವುದು 3ಜಿ. ಪೈಪನ್ನು 45 ಡಿಗ್ರಿ ಓರೆಯಾಗಿ ಅಲುಗಾಡದಂತೆ ಕಟ್ಟಿ, ಸುತ್ತಲೂ ತಾನೇ ಬಾಗಿ, ಬಗ್ಗಿ ಬೆಸೆಯುವುದು 6ಜಿ. ಬೆಸುಗೆಯ ಒಳಗೆ ಗುಳ್ಳೆ, ಬಿರುಕು ಇದೆಯೋ ಅಂತ ಆಮೇಲೆ ಪರೀಕ್ಷೆ ಮಾಡುತ್ತಾರೆ. 6ಜಿ ಪಾಸಾದವನಿಗೂ ಗ್ರಿಲ್ ವೆಲ್ಡರನಿಗೂ ಇರುವ ಸಂಬಳದ ಅಂತರವನ್ನು ನೀವೇ ವಿಚಾರಿಸಿ ನೋಡ್ರಿ. ಎರಡೂ ಅದೇ ಹೊಗೆ, ಅದೇ ಬೆಂಕಿ. ನಿಮ್ಮ ಸೂಪರ್ವೈಜರ್ ತಾನಾಗಿ ಬಂದು "ಬಾರಪ್ಪಾ, 6ಜಿ ಕಲಿಸ್ತೀನಿ" ಅನ್ನುವುದಿಲ್ಲ. ಕೇಳಬೇಕು. ಊಟದ ಹೊತ್ತಿನಲ್ಲಿ ತುಂಡು ಪೈಪು ಕೇಳಿ ಪಡೆದು ಕೈ ಪಳಗಿಸಿಕೊಳ್ಳಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐ ಇದೆ. ಇಲ್ಲೊಂದು ಲೆಕ್ಕ ಬಹಳ ಪಾಲಕರಿಗೆ ಗೊತ್ತಿಲ್ಲ. ವೆಲ್ಡರ್ ಒಂದು ವರ್ಷದ ಕೋರ್ಸ್, ಬೇಗ ದುಡಿಮೆಗೆ ಬರುತ್ತದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದ್ದು. ಎರಡು ವರ್ಷದ ಐಟಿಐ ಮಾಡಿದವರಿಗೆ ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಅಂದರೆ ಹತ್ತನೇ ಕ್ಲಾಸಿನಲ್ಲಿ ಅಂಕ ಕಡಿಮೆ ಬಂತು ಅಂತ ಎಂಜಿನಿಯರ್ ಆಗುವ ಬಾಗಿಲು ಪೂರ್ತಿ ಮುಚ್ಚಿಲ್ಲ, ದಾರಿ ಸ್ವಲ್ಪ ಸುತ್ತು ಅಷ್ಟೇ. ಹೊಸಪೇಟೆಯ ಜಿಟಿಟಿಸಿಯಂಥ ಸಂಸ್ಥೆಗಳಲ್ಲಿ ಮೆಷಿನ್ ಮೇಲೆ ಕೈಯಿಟ್ಟು ಕಲಿಯುವ ಕೋರ್ಸುಗಳಿವೆ, ವಿಚಾರಿಸಿ.

ಐಟಿಐ ಆದ ಮೇಲೆ ಅಪ್ರೆಂಟಿಸ್ ಮಾಡದೆ ನೇರವಾಗಿ ಕಾಂಟ್ರಾಕ್ಟಿಗೆ ಇಳಿಯುವವರು ಬಹಳ. "ಸ್ಟೈಪೆಂಡ್ ಕಡಿಮೆ ರೀ, ಕಾಂಟ್ರಾಕ್ಟ್‌ನಾಗ ಜಾಸ್ತಿ ಬರ್ತೈತಿ" ಅಂತಾರೆ. ಈ ತಿಂಗಳ ಲೆಕ್ಕದಲ್ಲಿ ಅದು ನಿಜ. ಅಪ್ರೆಂಟಿಸ್ ಮುಗಿಸಿದ ಮೇಲೆ ಆ ಕಂಪನಿ ಕೆಲಸ ಕೊಡಲೇಬೇಕು ಅಂತ ಕಾನೂನೂ ಇಲ್ಲ. ಆದರೂ ಆ ಒಂದು ವರ್ಷದ ಸರ್ಟಿಫಿಕೇಟ್ ಮುಂದೆ ಬಹಳ ಕಡೆ ಕೇಳುತ್ತಾರೆ. ನಮ್ಮ ಊರಿನ ಸ್ಟೇಷನ್ ಸೇರಿರುವ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಲ್ಲೂ, ಅಲ್ಲಿಯ ವರ್ಕ್‌ಶಾಪಿನಲ್ಲೂ ಐಟಿಐ ಆದವರನ್ನು ಅಂಕಗಳ ಮೇಲೆ ಅಪ್ರೆಂಟಿಸ್ ತೆಗೆದುಕೊಳ್ಳುತ್ತಾರೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ರೈಲ್ವೆಯ ಲೆವೆಲ್ ಒಂದರ ನೇರ ನೇಮಕಾತಿಯಲ್ಲಿ ನೂರಕ್ಕೆ ಇಪ್ಪತ್ತು ಮೀಸಲು ಇದೆ. ಮನೆ ಮುಂದೆ ದಿನಾ ಅದಿರಿನ ಗೂಡ್ಸ್ ಗಾಡಿ ಹೋಗುವುದನ್ನು ಎಣಿಸುವ ನಮ್ಮ ಹುಡುಗರಲ್ಲಿ ಎಷ್ಟು ಜನ ಈ ಅರ್ಜಿ ಹಾಕಿದ್ದೀರಿ, ಕೈ ಎತ್ತಿ ನೋಡೋಣ.

ಎಸ್ಸೆಸ್ಸೆಲ್ಸಿ ಫೇಲಾದವರು ದಯವಿಟ್ಟು ಅದನ್ನು ಪಾಸು ಮಾಡಿಕೊಳ್ಳಿ. ಅದೇ ವರ್ಷದಲ್ಲೇ ಮತ್ತೆ ಬರೆಯಲು ಅವಕಾಶ ಇದೆ. ವಿದೇಶಕ್ಕೆ ಹೋಗುವ ಆಸೆ ಇದ್ದವರಿಗೆ ಇನ್ನೊಂದು ಮಾತು: ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಮೇಲೆ ವಲಸೆ ಅನುಮತಿ ಬೇಕೆಂಬ ಮುದ್ರೆ ಬೀಳುತ್ತದೆ, ಗಲ್ಫ್ ದೇಶಗಳಿಗೆ ದುಡಿಯಲು ಹೋಗುವಾಗ ಅದಕ್ಕೆ ಬೇರೆ ಓಡಾಟ ಆಗಬೇಕು.

ಕಾಗದ ಪತ್ರದ ಮಾತು

ಈಗ ಹೇಳುವುದು ಬೇಸರದ ವಿಷಯ ಅನ್ನಿಸಬಹುದು, ಆದರೆ ಇದರಲ್ಲೇ ನಮ್ಮವರು ಹೆಚ್ಚು ಕಳೆದುಕೊಳ್ಳುತ್ತಿರುವುದು. ಒಬ್ಬ ಹುಡುಗ ಹತ್ತು ವರ್ಷ ಅದೇ ಮೆಷಿನ್ ಹತ್ತಿರ ನಿಂತಿದ್ದಾನೆ ಅನ್ನಿ. ಕಾಂಟ್ರಾಕ್ಟರ್ ಮಾತ್ರ ನಾಲ್ಕು ಸಲ ಬದಲಾದ. ಹುಡುಗ ಬದಲಾಗಲಿಲ್ಲ, ಹೆಲ್ಮೆಟ್ ಬಣ್ಣ ಬದಲಾಯಿತು. ಬೇರೆ ಕಡೆ ಇಂಟರ್‌ವ್ಯೂಗೆ ಹೋದಾಗ "ಅನುಭವ ಎಷ್ಟು?" ಅಂದರೆ "ಹತ್ತು ವರ್ಷ ಸರ್" ಅಂತಾನೆ. "ಕಾಗದ?" ಅಂದರೆ ಇಲ್ಲ. ಹತ್ತು ವರ್ಷದ ಬೆವರಿಗೆ ಒಂದು ಹಾಳೆಯ ಸಾಕ್ಷಿ ಇಲ್ಲ. ಗೇಟ್ ಪಾಸನ್ನು ಕೆಲಸ ಬಿಡುವ ದಿನ ವಾಪಸ್ ಕೊಟ್ಟು ಬಂದಿರುತ್ತಾನೆ.

ಆದ್ದರಿಂದ ಕೆಲಸಕ್ಕೆ ಸೇರುವ ದಿನವೇ ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡಬೇಕೆಂದು ಇದೆ. ಕಾಂಟ್ರಾಕ್ಟರ್ ಬದಲಾಗುವಾಗ, ಹೋಗುವವನಿಂದ ಒಂದು ಅನುಭವ ಪತ್ರ ಬರೆಸಿಕೊಳ್ಳಿ. ಅದರಲ್ಲಿ ಬರೀ "ವರ್ಕರ್" ಅಂತ ಬೇಡ. ಯಾವ ಕೆಲಸ, ಯಾವ ಮೆಷಿನ್, ಯಾವ ತಾರೀಖಿನಿಂದ ಯಾವ ತಾರೀಖಿಗೆ ಅಂತ ಇರಲಿ. ಕೇಳಿದರೆ ಕೆಲಸದಿಂದ ತೆಗೀತಾರೆ ಎಂಬ ಭಯ ನಮಗೆ ಗೊತ್ತು. ಒಬ್ಬನೇ ಕೇಳಬೇಡಿ, ಹತ್ತು ಜನ ಒಟ್ಟಿಗೆ ಕೇಳಿ. ಶಾಲೆ, ಐಟಿಐ ನೋಡದೆ ಕೆಲಸ ಮಾಡುತ್ತಲೇ ಕಲಿತವರಿಗೆ, ಪರೀಕ್ಷೆ ಮಾಡಿ ಕೌಶಲ್ಯಕ್ಕೆ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆಯೂ ಕೇಂದ್ರದ ಕೌಶಲ್ಯ ಯೋಜನೆಯಲ್ಲಿ ಬಂದಿದೆ.

ಇನ್ನು ಪಿಎಫ್. ನಿಮ್ಮ ಸಂಬಳದಿಂದ ಹಿಡಿಯುವ ಹಣದ ಜೊತೆ ಮಾಲೀಕನೂ ತನ್ನ ಪಾಲು ಹಾಕಬೇಕು. ಇದಕ್ಕೆ ಯುಎಎನ್ ಎಂಬ ಒಂದು ನಂಬರ್ ಇರುತ್ತದೆ. ಅದು ಜೀವಮಾನಕ್ಕೆ ಒಂದೇ. ಕಾಂಟ್ರಾಕ್ಟರ್ ಬದಲಾದರೂ ನಂಬರ್ ಬದಲಾಗಬಾರದು. ಹೊಸಬ ಬಂದು ಹೊಸ ನಂಬರ್ ಮಾಡಿಸ್ತೀನಿ ಅಂದರೆ, ಇದ್ದ ನಂಬರ್ ಕೊಡಿ. ಮೊಬೈಲ್‌ನಲ್ಲೇ ಪಾಸ್‌ಬುಕ್ ನೋಡಬಹುದು. ಚೀಟಿಯಲ್ಲಿ ಹಿಡಿದ ಹಣ ಅಲ್ಲಿ ಜಮಾ ಆಗಿದೆಯೋ ಇಲ್ಲವೋ ಎರಡು ಮೂರು ತಿಂಗಳಿಗೊಮ್ಮೆ ನೋಡಿ. ನಮ್ಮ ಹುಡುಗರದು ಇನ್ನೊಂದು ಅಭ್ಯಾಸ ಇದೆ. ಕಾಂಟ್ರಾಕ್ಟ್ ಮುಗಿದ ಕೂಡಲೇ ಪಿಎಫ್ ತೆಗೆದು ಬೈಕಿಗೆ ಹಾಕುವುದು. ಪಿಎಫ್ ಜೊತೆಯಲ್ಲಿ ಪಿಂಚಣಿಯೂ ಇರುತ್ತದೆ, ಅದು ಸಿಗಬೇಕಾದರೆ ಒಟ್ಟು ಹತ್ತು ವರ್ಷದ ಸೇವೆ ಲೆಕ್ಕಕ್ಕೆ ಬರಬೇಕು. ಪ್ರತಿ ಸಲವೂ ಪಿಂಚಣಿ ಹಣವನ್ನೂ ಸೇರಿಸಿ ಪೂರ್ತಿ ತೆಗೆದವನ ಸೇವೆ ಮತ್ತೆ ಸೊನ್ನೆಯಿಂದ ಶುರು. ಇಪ್ಪತ್ತು ವರ್ಷ ದುಡಿದರೂ ಪಿಂಚಣಿ ಇಲ್ಲ. ಹೊಸ ಕೆಲಸ ಸಿಕ್ಕಾಗ ಹಳೆಯದನ್ನು ಅದಕ್ಕೆ ವರ್ಗ ಮಾಡಿಸಿ.

ಹೆಸರಿನ ತೊಂದರೆಯಂತೂ ಮನೆಮನೆಯಲ್ಲೂ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ತಂದೆಯ ಹೆಸರು ಮುಂದೆ, ಪಿಎಫ್‌ನಲ್ಲಿ ಹಿಂದೆ. ಹುಟ್ಟಿದ ತಾರೀಖಂತೂ ಕೇಳಬೇಡಿ, ಬಹಳ ಜನ ಜೂನ್ 1ರಂದೇ ಹುಟ್ಟಿದ್ದಾರೆ! ನಗುವ ವಿಷಯವಾದರೂ ಹಣ ತೆಗೆಯುವ ದಿನ ಅಳುವ ವಿಷಯ ಆಗುತ್ತದೆ. ಮಾರ್ಕ್ಸ್ ಕಾರ್ಡಿನ ಹೆಸರನ್ನೇ ಆಧಾರವಾಗಿಟ್ಟು ಉಳಿದದ್ದನ್ನು ಒಂದೊಂದಾಗಿ ಸರಿಮಾಡಿಸಿಕೊಳ್ಳಿ.

ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ಇದೆ. 2012ರ ತಿದ್ದುಪಡಿಯಿಂದ ಬಂದ ಇದರಿಂದ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿಯಲ್ಲೂ ಕಾಲೇಜು ಸೀಟಿನಲ್ಲೂ ಮೀಸಲಾತಿ ಇದೆ, ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳು ಅದರಲ್ಲಿ ಸೇರಿವೆ. ಆದರೆ ಉಪವಿಭಾಗಾಧಿಕಾರಿಗಳಿಂದ ಅರ್ಹತಾ ಪ್ರಮಾಣಪತ್ರ ಪಡೆದಿರಬೇಕು. ಅರ್ಜಿ ಹಾಕುವ ಕೊನೆಯ ದಿನ ಓಡಾಡಿದರೆ ಸಿಗುವುದಿಲ್ಲ. ಈಗಲೇ ಮಾಡಿಸಿಡಿ.

ದುಡ್ಡು ಕೊಟ್ಟು ಕೊಳ್ಳುವ ಕೆಲಸ

"ಎರಡು ಲಕ್ಷ ಕೊಟ್ಟರೆ ಪರ್ಮನೆಂಟ್ ಮಾಡಿಸ್ತೀನಿ, ಒಳಗೆ ನಮ್ಮವರು ಅದಾರ" ಅನ್ನುವವರು ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತಾರೆ, ನೆಂಟರಲ್ಲೂ ಸಿಗುತ್ತಾರೆ. ಬಂಗಾರ ಅಡವಿಟ್ಟು, ಸಂಘದಿಂದ ಸಾಲ ತೆಗೆದು ಕೊಟ್ಟ ತಾಯಂದಿರು ಈ ಸಭೆಯಲ್ಲೇ ಇದ್ದಾರೆ. ಹೆಸರು ಹೇಳುವುದು ಬೇಡ. ಹಣ ಹೋದದ್ದಷ್ಟೇ ಅಲ್ಲ, "ಇವತ್ತು ಆಗುತ್ತೆ, ನಾಳೆ ಆಗುತ್ತೆ" ಅಂತ ಹುಡುಗನ ಎರಡು ವರ್ಷವೂ ಹೋಯಿತು. ಅದೇ ಹಣದಲ್ಲಿ ಅವನು ಐಟಿಐ ಮುಗಿಸಿ ಹೆವಿ ಲೈಸೆನ್ಸ್ ಕೂಡ ಮಾಡಿಸಿಕೊಳ್ಳಬಹುದಿತ್ತು. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನು ಯಾರ ಕೈಗೂ ಬಿಟ್ಟು ಬರಬೇಡಿ, ಜೆರಾಕ್ಸ್ ಕೊಡಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಉಕ್ಕಿನ ಊರಿನಲ್ಲಿ ಹೆಣ್ಣುಮಕ್ಕಳಿಗೆ ಏನು ಕೆಲಸ ಅಂತ ಕೇಳುವವರಿದ್ದಾರೆ. ಐಟಿಐ ಬಾಗಿಲು ಅವರಿಗೂ ತೆರೆದಿದೆ. ಪಿಯುಸಿ ನಂತರ ಮೂರು ವರ್ಷದ ನರ್ಸಿಂಗ್ ಇದೆ, ನರ್ಸ್ ಬೇಡವಾದ ಊರು ಭೂಮಿಯ ಮೇಲೆ ಇಲ್ಲ. ಬಳ್ಳಾರಿ, ಹೊಸಪೇಟೆ ಎರಡೂ ನಮಗೆ ಮೂವತ್ತು ಕಿಲೋಮೀಟರ್ ಆಸುಪಾಸು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ. ಹಾಗಿದ್ದೂ "ದೂರ" ಅಂತ ಓದು ಬಿಡಿಸುವುದು ಯಾಕೆ? ಕೈಕಸುಬನ್ನೂ ಕಡೆಗಣಿಸಬೇಡಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಬೇರೆ ಬೇರೆ ದೇಶದವರು ನಿಂತು ನೋಡಿದ್ದು ತಾಂಡಾದ ತಾಯಂದಿರು ಹಾಕಿದ ಹೊಲಿಗೆಯನ್ನೇ. ಸ್ವಂತ ಉದ್ಯೋಗ ಮಾಡುವವರಿಗೆ ಬ್ಯಾಂಕುಗಳು ನಡೆಸುವ ಆರ್‌ಸೆಟಿಯಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಸಿಗುತ್ತದೆ. ಹದಿನೆಂಟು ತುಂಬಿದ ಗ್ರಾಮೀಣ ಯುವಜನರಿಗೆಲ್ಲಾ ಇದೆ, ಗಂಡುಮಕ್ಕಳಿಗೂ.

ಸಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಂಘದ ಸಭೆಗಳಲ್ಲಿ ಹೇಳಿ ಹೇಳಿ ನಿಮಗೂ ಬೇಸರ ಆಗಿದೆ. ಆದರೆ ಬೈಕು, ಮೊಬೈಲ್ ಕಂತು ಕುತ್ತಿಗೆಗೆ ಬಿದ್ದವನು ಕಲಿಯಲು ಒಂದು ತಿಂಗಳೂ ಬಿಡುವು ಮಾಡಿಕೊಳ್ಳಲಾರ. ಕೆಟ್ಟ ಕೆಲಸವನ್ನು ಬಿಡಲೂ ಆಗುವುದಿಲ್ಲ. ಮೂರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇದ್ದರೆ ಕಾಂಟ್ರಾಕ್ಟರ್ ಮುಂದೆ ನಿಲ್ಲುವ ರೀತಿಯೇ ಬೇರೆ.

ಮಾತು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಒಬ್ಬ ತಾಯಿ ಕೇಳಿದರು: "ನಮ್ಮ ಹುಡುಗಗ ಮೂವತ್ನಾಕಾತ್ರಿ, ಮದುವಿ ಆಗೇತಿ, ಎರಡು ಕೂಸು ಅದಾವ. ಇನ್ನ ಅವ ಏನು ಕಲೀತಾನ್ರಿ?" ಒಳ್ಳೆಯ ಪ್ರಶ್ನೆ. ಅವನಿಗೆ ಕಾಲೇಜಿಗೆ ಹೋಗು ಅಂತ ಹೇಳಲಾಗದು. ಅವನು ಹನ್ನೆರಡು ವರ್ಷ ಕ್ರೇನ್ ಕೆಳಗೆ ನಿಂತು ಸ್ಲಿಂಗ್ ಕಟ್ಟಿದ್ದಾನೆ. ಅಂದರೆ ರಿಗ್ಗರ್ ಕೆಲಸ ಆಗಲೇ ಬರುತ್ತದೆ, ಕಾಗದದ ಮೇಲೆ ಮಾತ್ರ ಹೆಲ್ಪರ್. ಮೊದಲು ಆ ಅನುಭವಕ್ಕೆ ಪತ್ರ ಆಗಬೇಕು, ಆಮೇಲೆ ಕೌಶಲ್ಯ ಪರೀಕ್ಷೆ. ಕಾರಿನ ಲೈಸೆನ್ಸ್ ತೆಗೆದು ಒಂದು ವರ್ಷ ಆಗಿದ್ದರೆ ಹೆವಿಗೆ ಅರ್ಜಿ ಹಾಕಬಹುದು. ಅವನ ಹಳೆಯ ಮೂರು ಪಿಎಫ್ ನಂಬರುಗಳನ್ನು ಒಂದು ಮಾಡಿದರೆ ಪಿಂಚಣಿಯ ಹತ್ತು ವರ್ಷ ಆಗಲೇ ತುಂಬಿರಲೂ ಸಾಕು.

ಅವ್ವಾ, ಅವನನ್ನು ಮುಂದಿನ ಭಾನುವಾರ ಕರೆದುಕೊಂಡು ಬನ್ನಿ. ಉಳಿದವರೂ ಬರುವಾಗ ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಇದ್ದಷ್ಟು ಪೇ ಸ್ಲಿಪ್, ಮತ್ತು ಪಿಎಫ್‌ಗೆ ಕೊಟ್ಟ ಮೊಬೈಲ್ ನಂಬರಿನ ಸಿಮ್ ಇರುವ ಫೋನ್ ತನ್ನಿ. ಎಲ್ಲರದೂ ಹೆಸರು, ತಾರೀಖು ಒಂದೊಂದಾಗಿ ತಾಳೆ ನೋಡೋಣ. ಒಂದು ಪ್ಲಾಸ್ಟಿಕ್ ಫೈಲನ್ನೂ ಕೊಂಡು ತನ್ನಿ, ಇಲ್ಲೇ ಅಂಗಡಿಯಲ್ಲಿ ಸಿಗುತ್ತದೆ.